ಅಪ್ಪನ 1,400 ತಾಳಮದ್ದಳೆ ಸಿಡಿಗಳು: ತಾನೇ ಸಿಡಿ ಬದಲಿಸುವ ಯಂತ್ರವನ್ನು ಮನೆಯಲ್ಲಿ ಕಟ್ಟುವುದು ಹೇಗೆ?

ಕಡಲತಡಿ · ಮೊದಲ ದಿನ

ಎಲ್ಲರಿಗೂ ನಮಸ್ಕಾರ. ನಮ್ಮದು ಉಡುಪಿ ಕಡೆಯ ಹಳ್ಳಿ. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದುದ್ದಕ್ಕೂ ಎಲ್ಲಿ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕುಳಿತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ಕೂಟವಿದ್ದರೂ ನನ್ನ ಅಪ್ಪ ಕ್ಯಾಸೆಟ್ ರೆಕಾರ್ಡರನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ಇಪ್ಪತ್ತು ವರ್ಷಗಳ ಹಿಂದೆ ಆ ಕ್ಯಾಸೆಟ್‌ಗಳನ್ನೆಲ್ಲ ಒಂದೊಂದಾಗಿ ಸಿಡಿಗೆ ಇಳಿಸಿದರು. ಕ್ಯಾಸೆಟ್‌ಗಳು ಬೂಷ್ಟು ಹಿಡಿದು ಹೋದವು. ಈಗ ಉಳಿದಿರುವುದು ಕಪಾಟಿನಲ್ಲಿರುವ 1,400 ಸಿಡಿಗಳು ಮಾತ್ರ.

ಕಳೆದ ತಿಂಗಳು ಅವುಗಳನ್ನು ಕಂಪ್ಯೂಟರಿಗೆ ಇಳಿಸಲು ಕುಳಿತೆ. ಒಂದು ಸಿಡಿ ಓದಿ ಮುಗಿಯಲು ಸರಾಸರಿ ಒಂಬತ್ತು ನಿಮಿಷ ಬೇಕು. ನನ್ನದು ಬೆಳಗ್ಗೆ ಎಂಟಕ್ಕೆ ಹೊರಟು ಸಂಜೆ ಏಳಕ್ಕೆ ಮರಳುವ ಕೆಲಸ. ರಾತ್ರಿ ಎರಡು ಗಂಟೆ ಕುಳಿತರೆ ಹನ್ನೆರಡು ಸಿಡಿ ಆದೀತು. ಒಂದು ರಾತ್ರಿಯೂ ತಪ್ಪಿಸದಿದ್ದರೆ 117 ರಾತ್ರಿಗಳು. ತಾನೇ ಸಿಡಿ ಎತ್ತಿ ಡ್ರೈವ್‌ಗೆ ಹಾಕಿ, ಓದಿದ ಮೇಲೆ ತೆಗೆದು ಪಕ್ಕಕ್ಕಿಡುವ ಯಂತ್ರವಿದ್ದರೆ ದಿನಕ್ಕೆ ನೂರೈವತ್ತು ಆಗುತ್ತದೆ, ಹತ್ತು ದಿನಗಳಲ್ಲಿ ಕೆಲಸ ಮುಗಿಯುತ್ತದೆ.

ನನ್ನ ಯೋಚನೆ ಹೀಗಿದೆ. ನಡುವೆ ಒಂದು ಕಂಬ, ಅದರ ಮೇಲೆ ಏರಿ ಇಳಿಯುವ ತೋಳು, ತೋಳಿನ ತುದಿಯಲ್ಲಿ ಗಾಳಿ ಹೀರಿ ಹಿಡಿಯುವ ಸಕ್ಷನ್ ಕಪ್. ಎತ್ತಿ ಇಳಿಸಲು ಹೆಜ್ಜೆ ಹೆಜ್ಜೆಯಾಗಿ ತಿರುಗುವ ನೆಮಾ 17 ಸ್ಟೆಪ್ಪರ್ ಮೋಟಾರು ಮತ್ತು ತಿರುಗಿದಂತೆ ತೋಳನ್ನು ಏರಿಸುವ ಟಿ8 ಸ್ಕ್ರೂ, ತಿರುಗಿಸಲು ಹೇಳಿದ ಕೋನಕ್ಕೆ ಹೋಗಿ ನಿಲ್ಲುವ ಸರ್ವೊ ಮೋಟಾರು, ಎಲ್ಲವನ್ನೂ ನಡೆಸಲು ಆರ್ಡುಯಿನೊ ಯುನೊ ಎಂಬ ಪುಟ್ಟ ನಿಯಂತ್ರಣ ಬೋರ್ಡು. ಡ್ರೈವ್ ಹಳೆಯ ಡೆಸ್ಕ್‌ಟಾಪಿನದು, ಟ್ರೇ ಹೊರಗೆ ಬರುವಂಥದು. ಈ ದಾರಿ ಸರಿಯೇ? ಸಕ್ಷನ್ ಕಪ್ ಒಳ್ಳೆಯದೋ, ನಡುವಿನ ತೂತಿಗೆ ಬೆರಳು ಹಾಕಿ ಎತ್ತುವುದು ಒಳ್ಳೆಯದೋ? ಬಲ್ಲವರು ಹೇಳಬೇಕು.

ಹಲ್ಲುಚಕ್ರ · ಮೊದಲ ದಿನ

ನಾನು ಮೂವತ್ತು ವರ್ಷ ಲೇತ್ ಮುಂದೆ ನಿಂತವನು. ಮೊದಲು ಅಳತೆಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಸಿಡಿಯ ಅಗಲ 120 ಮಿ.ಮೀ., ನಡುವಿನ ತೂತು 15 ಮಿ.ಮೀ., ದಪ್ಪ 1.2 ಮಿ.ಮೀ., ತೂಕ ಸುಮಾರು 16 ಗ್ರಾಂ. ನಿಮ್ಮ ಯಂತ್ರದ ಎಲ್ಲ ತೀರ್ಮಾನಗಳೂ ಈ ನಾಲ್ಕು ಅಂಕಿಗಳಿಂದಲೇ ಹುಟ್ಟಬೇಕು.

ತಿರುಗಿಸಲು ಸರ್ವೊ ಬೇಡ. ತೋಳಿನ ಉದ್ದ 180 ಮಿ.ಮೀ. ಎಂದು ಇಟ್ಟುಕೊಳ್ಳೋಣ. ಒಂದು ಡಿಗ್ರಿ ಹೆಚ್ಚುಕಡಿಮೆಯಾದರೆ ತೋಳಿನ ತುದಿ 3 ಮಿ.ಮೀ.ಗಿಂತ ಹೆಚ್ಚು ಸರಿಯುತ್ತದೆ. ಟ್ರೇಯ ಗುಂಡಿ ಸಿಡಿಗಿಂತ ಸ್ವಲ್ಪವೇ ದೊಡ್ಡದು, ಅಂಚಿನಲ್ಲಿ ಇಳಿಜಾರಿರುವುದರಿಂದ ಸಣ್ಣ ತಪ್ಪನ್ನು ಅದು ತಾನೇ ಸರಿಪಡಿಸಿಕೊಳ್ಳುತ್ತದೆ, ಮೂರು ಮಿ.ಮೀ. ತಪ್ಪನ್ನು ಸಹಿಸುವುದಿಲ್ಲ. ಅಗ್ಗದ ಸರ್ವೊಗಳ ಹಲ್ಲುಗಳಲ್ಲಿ ಆಟ ಹೆಚ್ಚು. ಸ್ಟೆಪ್ಪರ್ ಹಾಕಿ, ಜಿಟಿ2 ಬೆಲ್ಟಿನಲ್ಲಿ 20 ಹಲ್ಲಿನ ಪುಲ್ಲಿಯಿಂದ 60 ಹಲ್ಲಿನ ಪುಲ್ಲಿಗೆ ಇಳಿಸಿ. ಮೋಟಾರಿನ ಒಂದು ಸುತ್ತಿಗೆ 200 ಹೆಜ್ಜೆ, ಮೋಟಾರು ನಡೆಸುವ ಡ್ರೈವರ್ ಚಿಪ್ ಅದನ್ನು ಹದಿನಾರು ಪಾಲು ಮಾಡಿದರೆ 3,200, ಪುಲ್ಲಿಯಿಂದ ಮೂರು ಪಟ್ಟಾಗಿ 9,600. ತೋಳಿನ ತುದಿಯಲ್ಲಿ ಒಂದು ಹೆಜ್ಜೆ ಎಂದರೆ 0.12 ಮಿ.ಮೀ. ಅಷ್ಟು ಸಾಕು.

ಇನ್ನೊಂದು ಮಾತು. ಟಿ8 ಸ್ಕ್ರೂ ಎಂದು ಕೇಳಿದರೆ ಅಂಗಡಿಯವರು ಒಂದು ಸುತ್ತಿಗೆ 8 ಮಿ.ಮೀ. ಏರುವುದನ್ನು ಕೊಡುತ್ತಾರೆ. ಅದು ಬೇಡ, 2 ಮಿ.ಮೀ. ಏರುವುದನ್ನು ಕೇಳಿ ತನ್ನಿ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೇಗೆ ಎಂದು ನಾನು ಹೇಳಬೇಕಾಗಿಲ್ಲ. ಕರೆಂಟು ಹೋದಾಗ 8 ಮಿ.ಮೀ. ಸ್ಕ್ರೂವಿನ ಮೇಲಿನ ತೋಳು ತನ್ನ ಭಾರಕ್ಕೇ ಜಾರಿ ಕೆಳಗೆ ಬರಬಹುದು. 2 ಮಿ.ಮೀ.ನದು ಇದ್ದಲ್ಲೇ ನಿಲ್ಲುತ್ತದೆ. ನಿಧಾನವಾಗುತ್ತದೆ, ನಿಜ. ಒಂಬತ್ತು ನಿಮಿಷ ಓದುವ ಕೆಲಸದಲ್ಲಿ ಎತ್ತಲು ಹದಿನೈದು ಸೆಕೆಂಡು ಹೋದರೆ ನಷ್ಟವೇನಿಲ್ಲ.

ಸುರುಳಿ · ಮೊದಲ ದಿನ

ಲ್ಯಾಪ್‌ಟಾಪಿನ ತೆಳು ಡ್ರೈವ್ ನನ್ನ ಬಳಿ ಇದೆ. ಅದನ್ನು ಹಾಕಿದರೆ ಯಂತ್ರ ಚಿಕ್ಕದಾಗುವುದಿಲ್ಲವೇ ಅಣ್ಣ? ನಾನು ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದೇನೆ, ನಾನೂ ಇಂಥದ್ದೊಂದನ್ನು ಕಟ್ಟಬೇಕೆಂದಿದ್ದೇನೆ.

ಟರ್ಮಿನಲ್ · ಮೊದಲ ದಿನ

ತೆಳು ಡ್ರೈವ್‌ನ ಟ್ರೇ ಸ್ಪ್ರಿಂಗಿನಿಂದ ಹೊರಗೆ ಚಿಮ್ಮುತ್ತದೆ, ಒಳಗೆ ತಳ್ಳಲು ಕೈಯೇ ಬೇಕು. ಡೆಸ್ಕ್‌ಟಾಪ್ ಡ್ರೈವ್‌ನಲ್ಲಿ ಟ್ರೇಗೇ ಮೋಟಾರು ಇರುತ್ತದೆ. ಲಿನಕ್ಸ್‌ನಲ್ಲಿ ಇಜೆಕ್ಟ್ ಆಜ್ಞೆ ಕೊಟ್ಟರೆ ತೆರೆಯುತ್ತದೆ, ಅದೇ ಆಜ್ಞೆಯನ್ನು ಟಿ ಗುರುತಿನೊಂದಿಗೆ ಕೊಟ್ಟರೆ ಮುಚ್ಚುತ್ತದೆ. ಹಳೆಯ ದೊಡ್ಡ ಡ್ರೈವನ್ನೇ ಇಟ್ಟುಕೊಳ್ಳಿ.

ಬೆಸುಗೆಕಡ್ಡಿ · ಎರಡನೇ ದಿನ

ಸಕ್ಷನ್ ವಿಷಯಕ್ಕೆ ಬರುತ್ತೇನೆ. ಅನೇಕರು ಎಡವುವ ಜಾಗ ಇದು: ಒಂದೇ ಕಪ್ ಅನ್ನು ನಟ್ಟನಡುವೆ ಇಡುತ್ತಾರೆ. ಅಲ್ಲಿರುವುದು ತೂತು, ಹೀರುವುದು ಗಾಳಿಯನ್ನು. ಪಕ್ಕಕ್ಕೆ ಸರಿಸಿ ಒಂದೇ ಕಪ್ ಇಟ್ಟರೆ ಸಿಡಿ ವಾಲುತ್ತದೆ. ತೂತಿನ ಅಂಚಿನಿಂದ ಆಚೆ, ಮಾಹಿತಿ ಶುರುವಾಗುವ ಮೊದಲು ಒಂದು ಬಳೆಯಷ್ಟು ಜಾಗವಿದೆ. ನಡುವಿನಿಂದ 15 ಮಿ.ಮೀ. ದೂರದಲ್ಲಿ 10 ಮಿ.ಮೀ. ಅಗಲದ ಮೂರು ಕಪ್‌ಗಳನ್ನು ಒಲೆಯ ಮೂರು ಗುಂಡುಗಳ ಹಾಗೆ ಕೂರಿಸಿ.

ಬಲದ ಲೆಕ್ಕ ನೋಡಿ. ಮೂರು ಕಪ್‌ಗಳ ಒಟ್ಟು ವಿಸ್ತಾರ 2.36 ಚದರ ಸೆಂ.ಮೀ. ಗಾಳಿಯ ಒತ್ತಡವನ್ನು 20 ಕಿಲೊಪಾಸ್ಕಲ್‌ನಷ್ಟು ತಗ್ಗಿಸಿದರೂ 480 ಗ್ರಾಂ ಎತ್ತುವ ಬಲ ಬರುತ್ತದೆ. ಸಿಡಿ 16 ಗ್ರಾಂ ಮಾತ್ರ. ಹಾಗಾಗಿ 12 ವೋಲ್ಟಿನ ಸಣ್ಣ ಡಯಾಫ್ರಾಮ್ ಪಂಪೇ ಧಾರಾಳ. ಕಪ್‌ಗಳು ಮಾತ್ರ ಮೆತ್ತಗಿನ ಸಿಲಿಕೋನಿನವು, ನೆರಿಗೆ ಇರುವಂಥವು ಆಗಿರಲಿ. ಸಿಡಿಯ ಆ ಭಾಗದಲ್ಲಿ ಅಚ್ಚಿನ ಸಣ್ಣ ಗೀರುಗಳಿರುತ್ತವೆ, ಗಟ್ಟಿ ರಬ್ಬರು ಅಲ್ಲಿ ಸರಿಯಾಗಿ ಕೂರುವುದಿಲ್ಲ.

ಎತ್ತುವುದಕ್ಕಿಂತ ಬಿಡಿಸುವುದೇ ಕಷ್ಟ. ಪಂಪ್ ನಿಲ್ಲಿಸಿದ ತಕ್ಷಣ ಸಿಡಿ ಬೀಳುತ್ತದೆ ಎಂದುಕೊಳ್ಳಬೇಡಿ. ಕೊಳವೆಯೊಳಗಿನ ನಿರ್ವಾತ ಕೆಲವು ಸೆಕೆಂಡು ಹಿಡಿದೇ ಇರುತ್ತದೆ. ತೋಳು ಮೇಲೇರುವಾಗ ಸಿಡಿಯೂ ಅರ್ಧ ಮೇಲೆದ್ದು ಆಮೇಲೆ ಬೀಳುತ್ತದೆ. ಕೊಳವೆಗೆ ಟಿ ಜೋಡಣೆ ಹಾಕಿ, ಒಂದು ಕವಲಿಗೆ ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಕೂರಿಸಿ. ಬಿಡಬೇಕಾದಾಗ ಅದು ಹೊರಗಿನ ಗಾಳಿಯನ್ನು ಒಳಕ್ಕೆ ಬಿಡಲಿ.

ವಿದ್ಯುತ್ತಿನ ಕಡೆ ಮೂರು ಎಚ್ಚರಗಳು. ಪಂಪು, ವಾಲ್ವುಗಳನ್ನು ಆರ್ಡುಯಿನೊ ಪಿನ್ನಿಗೆ ನೇರವಾಗಿ ಕಟ್ಟಬೇಡಿ. ಐಆರ್‌ಎಲ್‌ಜೆಡ್44ಎನ್ ಮಾಸ್ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಬಿಡಿಭಾಗ) ಮೂಲಕ ಕೊಡಿ, ಅದರ ಗೇಟಿನಿಂದ ಗ್ರೌಂಡಿಗೆ 10 ಕಿಲೊಓಮ್ ರೆಸಿಸ್ಟರ್ ಹಾಕಿ, ಪ್ರತಿಯೊಂದಕ್ಕೂ ತಿರುವುಮುರುವಾಗಿ ಒಂದು 1ಎನ್4007 ಡಯೋಡ್ ಕಟ್ಟಿ. ಡಯೋಡ್ ಮರೆತರೆ ಪಂಪ್ ನಿಂತಾಗಲೆಲ್ಲ ಹಿಂದಕ್ಕೆ ಹೊಡೆಯುವ ವೋಲ್ಟೇಜು ಮಾಸ್ಫೆಟ್ಟನ್ನು ತಿನ್ನುತ್ತದೆ. ಸ್ಟೆಪ್ಪರಿನ ಎ4988 ಡ್ರೈವರ್ ಪಕ್ಕದಲ್ಲೇ 100 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಇರಲಿ. ಕರೆಂಟು ಇರುವಾಗ ಸ್ಟೆಪ್ಪರಿನ ತಂತಿಯನ್ನು ಎಂದೂ ಎಳೆಯಬೇಡಿ, ಡ್ರೈವರ್ ಸುಡುತ್ತದೆ.

ಸುರುಳಿ · ಎರಡನೇ ದಿನ

ಬೆರಳಿನ ಹಿಡಿತದ ಬಗ್ಗೆ ಯಾರೂ ಹೇಳಲಿಲ್ಲ. ತೂತಿನೊಳಗೆ ಇಳಿದು ಅರಳಿಕೊಳ್ಳುವ ಮೂರು ಬೆರಳುಗಳನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡಿದರೆ ಪಂಪು, ವಾಲ್ವು ಯಾವುದೂ ಬೇಡವಲ್ಲ?

ಹಲ್ಲುಚಕ್ರ · ಎರಡನೇ ದಿನ

ತಮ್ಮಾ, ಒಳ್ಳೆಯ ಪ್ರಶ್ನೆ. ಬೆರಳು ಇಳಿಯಬೇಕಾದ ಆಳ 1.2 ಮಿ.ಮೀ. ಅದಕ್ಕಿಂತ ಹೆಚ್ಚು ಇಳಿದರೆ ಕೆಳಗಿನ ಸಿಡಿಯನ್ನೂ ಹಿಡಿಯುತ್ತದೆ, ಕಡಿಮೆ ಇಳಿದರೆ ಮೇಲಿನದೂ ಜಾರುತ್ತದೆ. ಅಷ್ಟು ಸೂಕ್ಷ್ಮದ ಬೆರಳನ್ನು ಮನೆಯ ಪ್ರಿಂಟರಿನಲ್ಲಿ ಮಾಡಿದರೆ ನೂರು ಸಲ ನಡೆದೀತು, ಸಾವಿರ ಸಲ ನಡೆಯುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಹಳೆಯ ಸಿಡಿಗಳ ತೂತಿನ ಅಂಚಿನಲ್ಲಿ ಕೂದಲೆಳೆಯ ಬಿರುಕುಗಳಿರುತ್ತವೆ. ಒಳಗಿನಿಂದ ಹೊರಕ್ಕೆ ಒತ್ತಿದರೆ ಬಿರುಕು ಓಡುತ್ತದೆ. ಹಾಡು ಕೇಳಲು ಕೊಂಡ ಸಿಡಿಯಾದರೆ ಇನ್ನೊಂದು ಸಿಕ್ಕೀತು. ಇವರ ಅಪ್ಪನವರದು ಇನ್ನೊಂದು ಇಲ್ಲ.

ಹಳೆತಟ್ಟೆ · ಮೂರನೇ ದಿನ

ಇಷ್ಟರವರೆಗೆ ಓದಿ ಸುಮ್ಮನಿದ್ದೆ, ಈಗ ಹೇಳಲೇಬೇಕು. ನಾನು ಹಳೆಯ ಧ್ವನಿಮುದ್ರಣಗಳನ್ನು ಉಳಿಸುವ ಕೆಲಸದಲ್ಲಿದ್ದೇನೆ. ಕಡಲತಡಿಯವರೇ, ದಯವಿಟ್ಟು ಯಂತ್ರ ಕಟ್ಟಬೇಡಿ. ಮನೆಯಲ್ಲಿ ಬರೆದ ಸಿಡಿಯಲ್ಲಿ ಮಾಹಿತಿ ಇರುವುದು ಒಂದು ಬಣ್ಣದ ಪದರದಲ್ಲಿ. ಬೆಳಕು, ಬಿಸಿ, ತೇವ ಮೂರೂ ಅದಕ್ಕೆ ಶತ್ರುಗಳು. ಕರಾವಳಿಯ ಕಪಾಟಿನಲ್ಲಿ ಇಪ್ಪತ್ತು ಮಳೆಗಾಲ ಕಂಡ ಸಿಡಿಗಳು ಪ್ರತಿ ತಿಂಗಳೂ ಹಾಳಾಗುತ್ತಿವೆ. ನೀವು ಯಂತ್ರಕ್ಕೆ ಮೂರು ತಿಂಗಳು ಕೊಟ್ಟರೆ ಆ ಮೂರು ತಿಂಗಳಲ್ಲಿ ಕೆಲವು ಸತ್ತುಹೋಗುತ್ತವೆ. ಕೈಯಿಂದ ಇಂದೇ ಶುರು ಮಾಡಿ.

ಅಲ್ಲದೆ ಸಿಡಿಯ ಹಿಂಬದಿ ಸವೆದರೆ ಉಜ್ಜಿ ಸರಿಪಡಿಸಬಹುದು. ಹೆಸರು ಬರೆಯುವ ಮೇಲ್ಬದಿಯಲ್ಲಿ ಪ್ರತಿಫಲಿಸುವ ಪದರದ ಮೇಲಿರುವುದು ತೆಳ್ಳನೆಯ ಅರಗು ಮಾತ್ರ. ಅಲ್ಲಿ ಗೀರು ಬಿದ್ದರೆ ಮಾಹಿತಿಯೇ ಹೋಯಿತು. ನಿಮ್ಮ ಕಪ್‌ಗಳು ಒತ್ತುವುದು ಆ ಬದಿಯನ್ನೇ.

ಕಡಲತಡಿ · ಮೂರನೇ ದಿನ

ಹಳೆತಟ್ಟೆಯವರೇ, ನಿಮ್ಮ ಮಾತು ನನ್ನನ್ನು ದಿನವಿಡೀ ಕಾಡಿತು. ಆದರೂ ಯಂತ್ರ ಬೇಕು ಎನ್ನಲು ಕಾರಣವಿದೆ.

ಅಪ್ಪ ಸಿಡಿಗಳ ಮೇಲೆ ಬರೆದದ್ದು ಅವರದೇ ಸಂಕೇತಗಳಲ್ಲಿ. ಪ್ರಸಂಗಕ್ಕೆ ಎರಡಕ್ಷರ, ಊರಿಗೆ ಒಂದಕ್ಷರ, ಹಾಡುವ ಭಾಗವತರಿಗೆ ಒಂದು ಚುಕ್ಕೆಯೋ ಅಡ್ಡಗೆರೆಯೋ. ಪಾತ್ರಗಳ ಮಾತಾಡುವ ಅರ್ಥಧಾರಿಗಳ ಹೆಸರು ಬರೆದೇ ಇಲ್ಲ, ಏಕೆಂದರೆ ದನಿ ಕೇಳಿದರೆ ಅವರಿಗೆ ಗೊತ್ತಾಗುತ್ತದೆ. ಅಪ್ಪನಿಗೆ ಈಗ ಎಪ್ಪತ್ತೊಂಬತ್ತು. ಕೆಲವು ದಿನ ನೆನಪು ಚೆನ್ನಾಗಿರುತ್ತದೆ, ಕೆಲವು ದಿನ ಇಲ್ಲ. ನನಗಿರುವ ಎರಡು ಗಂಟೆಗಳನ್ನು ಟ್ರೇ ತೆರೆದು ಮುಚ್ಚುವುದರಲ್ಲಿ ಕಳೆದರೆ ಅಪ್ಪನ ಪಕ್ಕದಲ್ಲಿ ಕುಳಿತು ಈ ಸಂಕೇತಗಳನ್ನು ಬಿಡಿಸುವವರು ಯಾರು? ಸಿಡಿ ಬದಲಿಸುವುದನ್ನು ಯಂತ್ರಕ್ಕೆ ಬಿಡಬಹುದು. ಈ ಕೆಲಸವನ್ನು ಬಿಡಲಾಗದು.

ಹಳೆತಟ್ಟೆ · ನಾಲ್ಕನೇ ದಿನ

ಇದನ್ನು ಮೊದಲೇ ಹೇಳಿದ್ದರೆ ನಾನು ಬೇರೆ ರೀತಿ ಬರೆಯುತ್ತಿದ್ದೆ. ಹಾಗಾದರೆ ಯಂತ್ರ ಕಟ್ಟಿ, ನನ್ನ ಎರಡು ಮಾತು ನಡೆಸಿ. ಇವತ್ತು ರಾತ್ರಿಯೇ ಕಪಾಟನ್ನು ಖಾಲಿ ಮಾಡಿ ಸಿಡಿಗಳನ್ನು ಬೆಳಕಿಗೆ ಹಿಡಿದು ನೋಡಿ. ಅಂಚು ಮಬ್ಬಾದವು, ಚುಕ್ಕೆ ಬಿದ್ದವು, ಕಾಗದದ ಲೇಬಲ್ ಏಳುತ್ತಿರುವವು ಇವುಗಳನ್ನು ಬೇರೆ ಮಾಡಿ. ಅವನ್ನು ಯಂತ್ರಕ್ಕೆ ಕೊಡದೆ ನೀವೇ ಕೈಯಿಂದ, ಡ್ರೈವ್‌ನ ವೇಗ ತಗ್ಗಿಸಿ ಓದಿಸಿ. ಉಳಿದದ್ದು ಯಂತ್ರಕ್ಕೆ. ಮತ್ತೆ, ಒರೆಸುವುದಾದರೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಲೂ ತಿರುಗಿಸಿ ಒರೆಸಬೇಡಿ.

ಎರಡನೆಯದು, ಪ್ರತಿ ಸಿಡಿಯ ಮುಖದ ಫೋಟೊವನ್ನು ಯಂತ್ರವೇ ತೆಗೆಯುವಂತೆ ಮಾಡಿ. ಆ ಬರಹವಿಲ್ಲದಿದ್ದರೆ ನಿಮ್ಮ ಧ್ವನಿಕಡತ ಅನಾಥವಾಗುತ್ತದೆ.

ಟರ್ಮಿನಲ್ · ನಾಲ್ಕನೇ ದಿನ

ಫೋಟೊ ಇನ್ನೊಂದು ಕಾರಣಕ್ಕೂ ಬೇಕು. ರಾಶಿಯ ಮೇಲಿನಿಂದ ತೆಗೆದು ಇನ್ನೊಂದು ರಾಶಿ ಮಾಡಿದಾಗ ಕ್ರಮ ತಲೆಕೆಳಗಾಗುತ್ತದೆ. ನಡುವೆ ಒಂದು ಸಿಡಿ ಓದದೆ ತಿರಸ್ಕೃತ ರಾಶಿಗೆ ಹೋದರೆ ಎಣಿಕೆಯೂ ತಪ್ಪುತ್ತದೆ. ಯಂತ್ರ ಕೊಡುವ ಸಂಖ್ಯೆ, ಅದೇ ಸಂಖ್ಯೆಯ ಫೋಟೊ, ಅದೇ ಸಂಖ್ಯೆಯ ಕಡತ ಮೂರೂ ಒಟ್ಟಿಗಿದ್ದರೆ ಗೊಂದಲ ಹುಟ್ಟುವುದೇ ಇಲ್ಲ.

ಸಿಡಿಗಳು ಆಡಿಯೊ ಮಾದರಿಯವೋ, ಎಂಪಿ3 ತುಂಬಿದವೋ? ಎರಡಕ್ಕೂ ಓದುವ ದಾರಿ ಬೇರೆ. ಆಡಿಯೊ ಸಿಡಿಯಲ್ಲಿ ಕಡತಗಳೇ ಇರುವುದಿಲ್ಲ, ಸೆಕೆಂಡಿಗೆ 75 ತುಂಡುಗಳಂತೆ ಹರಿಯುವ ಧ್ವನಿ ಮಾತ್ರ. ಅದಕ್ಕೆ ಸಿಡಿಪ್ಯಾರನೋಯಾ ಎಂಬ ಪ್ರೋಗ್ರಾಮು ಬಳಸಿ. ಎಂಪಿ3 ಇದ್ದರೆ ಡಿಡಿರೆಸ್ಕ್ಯೂ ಒಳ್ಳೆಯದು. ಓದಲಾಗದ ಜಾಗವನ್ನು ಬಿಟ್ಟು ಮುಂದೆ ಹೋಗಿ, ಕೊನೆಗೆ ಮತ್ತೆ ಅಲ್ಲಿಗೇ ಮರಳುತ್ತದೆ. ಕಾಲಮಿತಿ ಹಾಕುವುದನ್ನು ಮರೆಯಬೇಡಿ. ಕೆಟ್ಟ ಸಿಡಿ ಸಿಕ್ಕರೆ ಡ್ರೈವ್ ಗಂಟೆಗಟ್ಟಲೆ ಗುದ್ದಾಡುತ್ತದೆ. ಮೂವತ್ತು ನಿಮಿಷ ಕಳೆದರೆ ಬಿಟ್ಟು ತಿರಸ್ಕೃತ ರಾಶಿಗೆ ಹಾಕಲಿ.

ಆರ್ಡುಯಿನೊ ಯುನೊದ ಒಂದು ಗುಣ ತಿಳಿದಿರಲಿ. ಬೋರ್ಡಿನೊಡನೆ ಮಾತಾಡುವ ಸೀರಿಯಲ್ ಪೋರ್ಟನ್ನು ಕಂಪ್ಯೂಟರ್ ತೆರೆದಾಗಲೆಲ್ಲ ಬೋರ್ಡು ಮರುಪ್ರಾರಂಭವಾಗುತ್ತದೆ. ಪ್ರತಿ ಆಜ್ಞೆಗೂ ಪೋರ್ಟ್ ತೆರೆದು ಮುಚ್ಚಿದರೆ ತೋಳು ಪ್ರತಿ ಸಲವೂ ತನ್ನ ಜಾಗ ಮರೆಯುತ್ತದೆ. ಒಮ್ಮೆ ತೆರೆದು ಕೊನೆಯವರೆಗೂ ಹಾಗೆಯೇ ಇಟ್ಟುಕೊಳ್ಳಿ.

ಕಡಲತಡಿ · ಇಪ್ಪತ್ತಾರನೇ ದಿನ

ಇಷ್ಟು ದಿನ ಬರೆಯಲಾಗಲಿಲ್ಲ, ಕಟ್ಟುತ್ತಿದ್ದೆ. ಕೆಟ್ಟು ಹೋಗುತ್ತಿರುವ 112 ಸಿಡಿಗಳನ್ನು ಬೇರೆ ಮಾಡಿ ಮೊದಲ ಎರಡು ವಾರ ಕೈಯಿಂದಲೇ ಓದಿಸಿದೆ. ಹಳೆತಟ್ಟೆಯವರಿಗೆ ನಾನು ಋಣಿ. ಅವುಗಳಲ್ಲಿ 19 ಓದಲಿಲ್ಲ.

ಯಂತ್ರ ಈಗ ಎದ್ದು ನಿಂತಿದೆ. 18 ಮಿ.ಮೀ. ಪ್ಲೈವುಡ್ಡಿನ ಹಲಗೆ, ನಡುವೆ ಕಂಬ, ಕಂಬದಿಂದ 180 ಮಿ.ಮೀ. ದೂರದ ವೃತ್ತದಲ್ಲಿ 60 ಡಿಗ್ರಿಗೊಂದರಂತೆ ನಿಲ್ದಾಣಗಳು: ಬರುವ ರಾಶಿ, ಡ್ರೈವ್, ಮುಗಿದ ರಾಶಿ, ತಿರಸ್ಕೃತ ರಾಶಿ. ರಾಶಿ ನಿಲ್ಲಿಸಲು ಅಗಲದ ಪಿವಿಸಿ ಪೈಪು ಹುಡುಕಿ ಸೋತು, ಕೊನೆಗೆ 6 ಮಿ.ಮೀ.ನ ಮೂರು ಸರಳುಗಳನ್ನು ನೆಟ್ಟೆ. ಒಂದು ಕಡೆ ತೆರೆದಿರುವುದರಿಂದ ಕೈ ಹಾಕಿ ನೂರು ಸಿಡಿಗಳನ್ನು ಒಟ್ಟಿಗೆ ಇಡಬಹುದು. ತೋಳಿನ ತಲೆ ಸ್ಪ್ರಿಂಗಿನ ಮೇಲಿದೆ. ಸಿಡಿಗೆ ತಾಗಿದ ಕೂಡಲೇ ಒಂದು ಲಿಮಿಟ್ ಸ್ವಿಚ್ ಒತ್ತಿಕೊಳ್ಳುತ್ತದೆ, ಆದ್ದರಿಂದ ರಾಶಿ ಎಷ್ಟು ಎತ್ತರವಿದೆ ಎಂದು ಮೊದಲೇ ತಿಳಿದಿರಬೇಕಾಗಿಲ್ಲ.

ಎರಡು ಅನಾಹುತಗಳಾದವು. ಮೊದಲನೆಯದು, ತೋಳು ಇನ್ನೂ ಟ್ರೇಯ ಮೇಲೆ ಇಳಿದಿರುವಾಗಲೇ ಕಂಪ್ಯೂಟರ್ ಟ್ರೇ ಮುಚ್ಚಿತು. ನನ್ನ ಪ್ರೋಗ್ರಾಮು ತೋಳಿಗೆ ಏಳು ಎಂದು ಹೇಳಿ, ಎದ್ದಿತೇ ಎಂದು ಕೇಳದೆ ಮುಂದೆ ಹೋಗಿತ್ತು. ಟ್ರೇಯ ಹಲ್ಲು ಮುರಿಯಿತು. ಬೆಂಗಳೂರಿನಲ್ಲಿರುವ ಭಾವ ಎಸ್.ಪಿ. ರಸ್ತೆಯಲ್ಲಿ ಹುಡುಕಿ ಎರಡು ಹಳೆಯ ಡ್ರೈವ್ ಕಳಿಸಿದರು. ಈಗ ಪ್ರತಿ ಆಜ್ಞೆಗೂ ಆರ್ಡುಯಿನೊ ಮುಗಿಯಿತು ಎಂದು ಮರುತ್ತರ ಕೊಡುತ್ತದೆ, ಅದು ಬರುವ ತನಕ ಕಂಪ್ಯೂಟರ್ ಕಾಯುತ್ತದೆ. ಮೇಲಿನ ಲಿಮಿಟ್ ಸ್ವಿಚ್ ಒತ್ತಿರದಿದ್ದರೆ ಟ್ರೇ ಮುಚ್ಚುವ ಆಜ್ಞೆಯೇ ಹೋಗುವುದಿಲ್ಲ.

ಎರಡನೆಯದು ಇನ್ನೂ ಬಗೆಹರಿದಿಲ್ಲ. ನಲವತ್ತು ಸಲ ಎತ್ತಿದರೆ ಮೂರು ಸಲ ಎರಡು ಸಿಡಿಗಳು ಅಂಟಿಕೊಂಡು ಬರುತ್ತವೆ. ಎರಡೂ ಟ್ರೇಯಲ್ಲಿ ಕುಳಿತು ಒಳಗೆ ಹೋದರೆ ಡ್ರೈವ್ ಕಿರಿಚುತ್ತದೆ. ಇದನ್ನು ಹೇಗೆ ತಡೆಯುವುದು?

ಬೆಸುಗೆಕಡ್ಡಿ · ಇಪ್ಪತ್ತಾರನೇ ದಿನ

ಗಾಳಿಯಲ್ಲಿ ತೇವ ಹೆಚ್ಚಾದಾಗ ಅಂಟುವುದು ಸಹಜ. ರಾಶಿಗೆ ಇಡುವ ಮೊದಲು ಪ್ರತಿಯೊಂದನ್ನೂ ಕೈಯಿಂದ ಬಿಡಿಸಿ ಇಡಿ. ಸರಳುಗಳ ತುದಿಯಲ್ಲಿ ಗಟ್ಟಿ ಕೂದಲಿನ ಬ್ರಷ್ ತುಂಡುಗಳನ್ನು ಒಳಮುಖವಾಗಿ ಅಂಟಿಸಿ, ಸಿಡಿಯ ಅಂಚಿಗೆ ಎರಡು ಮಿ.ಮೀ. ತಾಗುವಷ್ಟು. ಕಪ್ ಹಿಡಿದಿರುವ ಮೇಲಿನ ಸಿಡಿ ಬ್ರಷ್ ದಾಟಿ ಬರುತ್ತದೆ. ಸುಮ್ಮನೆ ಅಂಟಿಕೊಂಡಿರುವ ಕೆಳಗಿನದು ಬ್ರಷ್‌ಗೆ ತಡೆದು ರಾಶಿಗೆ ಮರಳುತ್ತದೆ.

ಹಲ್ಲುಚಕ್ರ · ಇಪ್ಪತ್ತೇಳನೇ ದಿನ

ಬ್ರಷ್ ತಡೆಯುತ್ತದೆ, ಆದರೆ ತಡೆಯಿತೋ ಇಲ್ಲವೋ ಎಂದು ಯಂತ್ರಕ್ಕೆ ಗೊತ್ತಾಗಬೇಕು. ನಿಮ್ಮ ಹತ್ತಿರ ಅದಕ್ಕೆ ಬೇಕಾದದ್ದೆಲ್ಲ ಈಗಾಗಲೇ ಇದೆ. ತಲೆಯಲ್ಲಿ ಸ್ವಿಚ್ ಇದೆ, 2 ಮಿ.ಮೀ. ಸ್ಕ್ರೂವಿನಲ್ಲಿ ಒಂದು ಮಿ.ಮೀ.ಗೆ 1,600 ಸಣ್ಣ ಹೆಜ್ಜೆಗಳಿವೆ. ಸಿಡಿ ಹಿಡಿದುಕೊಂಡು ಗೊತ್ತಿರುವ ಎತ್ತರದ ಜಾಗಕ್ಕೆ ಇಳಿಯಿರಿ. ಒಂದು ಸಿಡಿ ಇದ್ದರೆ ಒಂದು ಎತ್ತರದಲ್ಲಿ ಸ್ವಿಚ್ ಒತ್ತುತ್ತದೆ, ಎರಡಿದ್ದರೆ ಅದಕ್ಕಿಂತ 1.2 ಮಿ.ಮೀ. ಮೇಲೆಯೇ ಒತ್ತುತ್ತದೆ. ಅಂದರೆ 1,920 ಹೆಜ್ಜೆ ಮೊದಲು. ಅಷ್ಟು ದೊಡ್ಡ ಅಂತರವನ್ನು ಯಾವ ಅಗ್ಗದ ಸ್ವಿಚ್ಚೂ ತಪ್ಪಿಸುವುದಿಲ್ಲ. ಟ್ರೇಯ ಮೇಲೆಯೇ ಅಳೆದು ನೋಡಿ.

ಕಡಲತಡಿ · ಇಪ್ಪತ್ತೊಂಬತ್ತನೇ ದಿನ

ಟ್ರೇಯ ಮೇಲೆ ಅಳೆದೆ. ಅಂಕಿಗಳು ಕುಣಿಯುತ್ತಿವೆ. ತೆರೆದ ಟ್ರೇಯನ್ನು ಒತ್ತಿದರೆ ಅದೇ ಒಂದೆರಡು ಮಿ.ಮೀ. ಬಾಗುತ್ತದೆ, ಒಂದು ಸಿಡಿಯೋ ಎರಡೋ ತಿಳಿಯುವುದಿಲ್ಲ.

ಹಲ್ಲುಚಕ್ರ · ಇಪ್ಪತ್ತೊಂಬತ್ತನೇ ದಿನ

ಸರಿ, ಟ್ರೇ ಬಾಗುವುದು ನನ್ನ ಗಮನಕ್ಕೆ ಬರಲಿಲ್ಲ. ಬಾಗದ ಕಟ್ಟೆಯೊಂದನ್ನು ಕಟ್ಟಿ. ರಾಶಿಗೂ ಡ್ರೈವ್‌ಗೂ ನಡುವೆ ಇನ್ನೊಂದು ನಿಲ್ದಾಣ ಮಾಡಿ, ಉಳಿದವನ್ನು 60 ಡಿಗ್ರಿ ಮುಂದಕ್ಕೆ ಸರಿಸಿ. ಕೊನೆಯದು 240 ಡಿಗ್ರಿಗೆ ಹೋಗುತ್ತದೆ, ಸ್ಟೆಪ್ಪರ್ ಆದ್ದರಿಂದ ತೊಂದರೆಯಿಲ್ಲ. ಕಟ್ಟೆಗೆ 35 ಮಿ.ಮೀ. ಅಗಲದ ಅಕ್ರಿಲಿಕ್ ಬಿಲ್ಲೆ ಸಾಕು, ಸಿಡಿಯ ನಡುವಿನ ಪಾರದರ್ಶಕ ಭಾಗ ಮಾತ್ರ ಅದಕ್ಕೆ ತಾಗಬೇಕು, ಓದುವ ಭಾಗ ಯಾವುದಕ್ಕೂ ತಾಗಬಾರದು.

ಸುರುಳಿ · ಮೂವತ್ತನೇ ದಿನ

ಆ ಕಟ್ಟೆಯ ಮೇಲೆ ಸಿಡಿ ಬಿಟ್ಟು ತೋಳು ಪಕ್ಕಕ್ಕೆ ಸರಿದರೆ ಫೋಟೊವನ್ನೂ ಅಲ್ಲೇ ತೆಗೆಯಬಹುದಲ್ಲ ಅಣ್ಣ? ಟ್ರೇಯ ಮೇಲೆ ಕ್ಯಾಮೆರಾ ಬೇಕಾಗುವುದಿಲ್ಲ.

ಕಡಲತಡಿ · ಮೂವತ್ತೊಂದನೇ ದಿನ

ಸುರುಳಿ, ನಿನ್ನ ಸಲಹೆ ಬಹಳ ಒಳ್ಳೆಯದಾಯಿತು. ಈಗ ಎಣಿಕೆ, ಫೋಟೊ ಎರಡೂ ಅಲ್ಲೇ ನಡೆಯುತ್ತವೆ. ಮೊದಲ ಫೋಟೊಗಳಲ್ಲಿ ಸಿಡಿ ಕನ್ನಡಿಯಂತೆ ಹೊಳೆದು ಅಕ್ಷರವೇ ಕಾಣಲಿಲ್ಲ. ಎಲ್‌ಇಡಿ ಪಟ್ಟಿಯನ್ನು ಬದಿಗೆ ಸರಿಸಿ, ನಡುವೆ ಟ್ರೇಸಿಂಗ್ ಕಾಗದ ಕಟ್ಟಿದೆ. ಅಪ್ಪನ ಕೈಬರಹ ಪೆನ್ನಿನ ಒತ್ತಡದ ಸಮೇತ ಮೂಡಿದೆ.

ನಿನ್ನೆ ರಾತ್ರಿ ಹತ್ತಕ್ಕೆ ಮೊದಲ ನೂರನ್ನು ಇಟ್ಟು ಮಲಗಿದೆ, ಅಂದರೆ ಮಲಗಲು ಹೋದೆ. ಒಂದು ಗಂಟೆಯವರೆಗೂ ಕತ್ತಲಲ್ಲಿ ಕುಳಿತು ಸದ್ದು ಕೇಳುತ್ತಿದ್ದೆ: ಪಂಪಿನ ಗುಂಯ್, ವಾಲ್ವಿನ ಟಿಕ್, ಟ್ರೇ ಒಳಗೆ ಹೋಗುವ ಸದ್ದು, ಆಮೇಲೆ ಒಂಬತ್ತು ನಿಮಿಷ ಮೌನ. ಬೆಳಗ್ಗೆ ಏಳಕ್ಕೆ ಎದ್ದು ನೋಡಿದರೆ 54 ಮುಗಿದಿದ್ದವು, 2 ತಿರಸ್ಕೃತ ರಾಶಿಯಲ್ಲಿದ್ದವು. ಬ್ರಷ್ ಇದ್ದೂ ಒಂದು ಸಲ ಎರಡು ಸಿಡಿ ಬಂದಿದ್ದವು. ಕಟ್ಟೆ ಅದನ್ನು ಹಿಡಿದು, ತೋಳು ಎರಡನ್ನೂ ರಾಶಿಗೆ ಮರಳಿಸಿ ಮತ್ತೆ ಎತ್ತಿತ್ತು.

ಟರ್ಮಿನಲ್ · ಮೂವತ್ತೊಂದನೇ ದಿನ

ಕರೆಂಟು ಹೋದರೆ ಏನು ಮಾಡುತ್ತೀರಿ? ಪಂಪ್ ನಿಂತರೆ ಕೈಯಲ್ಲಿರುವ ಸಿಡಿ ಬೀಳುತ್ತದೆ. ಪ್ರತಿ ಹೆಜ್ಜೆಯ ಮೊದಲು ಏನು ಮಾಡಲು ಹೊರಟಿದೆ, ಮುಗಿದ ಮೇಲೆ ಏನು ಮುಗಿಯಿತು ಎಂದು ಕಡತದಲ್ಲಿ ಬರೆಯುವಂತೆ ಮಾಡಿ. ಮರಳಿ ಶುರುವಾದಾಗ ಯಂತ್ರ ಎಲ್ಲಿ ನಿಂತಿತ್ತು ಎಂದು ಊಹಿಸಬೇಕಾಗುವುದಿಲ್ಲ.

ಕಡಲತಡಿ · ನಲವತ್ತೇಳನೇ ದಿನ

ಹಾಗೆಯೇ ಮಾಡಿದೆ, ಇನ್ವರ್ಟರಿಗೂ ಕಟ್ಟಿದೆ. ಗುಡುಗಿನ ಎರಡು ರಾತ್ರಿ ನಿಲ್ಲಿಸಿ ಎಲ್ಲ ಪ್ಲಗ್ ಕಿತ್ತಿಟ್ಟಿದ್ದೆ. ಬೆಲ್ಟು ಒಮ್ಮೆ ಸಡಿಲವಾಗಿ ತೋಳು ಅರ್ಧ ಡಿಗ್ರಿ ಸರಿದಿತ್ತು. ಈಗ ಪ್ರತಿ ಸಿಡಿಯ ನಂತರವೂ ತೋಳು ಮೂಲಸ್ಥಾನದ ಸ್ವಿಚ್ ಮುಟ್ಟಿ ಬರುತ್ತದೆ. ಯಂತ್ರಕ್ಕೆ ಕೊಟ್ಟ 1,288ರಲ್ಲಿ 1,229 ಓದಿದವು, 59 ತಿರಸ್ಕೃತವಾದವು. ಅವನ್ನೇ ಭಾವ ಕಳಿಸಿದ ಇನ್ನೊಂದು ತಯಾರಿಕೆಯ ಡ್ರೈವ್‌ನಲ್ಲಿ ಹಾಕಿದೆ, 33 ಓದಿದವು. ಒಂದು ಡ್ರೈವ್ ಬೇಡವೆಂದದ್ದನ್ನು ಇನ್ನೊಂದು ಓದುತ್ತದೆ ಎನ್ನುವುದನ್ನು ಕಣ್ಣಾರೆ ಕಂಡೆ.

ಸಂಜೆ ಅಪ್ಪ ಜಗಲಿಯಲ್ಲಿ ಕೂರುತ್ತಾರೆ. ನಾನು ಫೋಟೊ ತೋರಿಸಿ ಒಂದು ನಿಮಿಷ ಧ್ವನಿ ಕೇಳಿಸುತ್ತೇನೆ. ಅವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಇಲ್ಲಿಯವರೆಗೆ 212 ಆಗಿವೆ. ಹದಿನಾಲ್ಕು ಕಡೆ ಸಿಡಿಯ ಮೇಲಿರುವ ಊರು ತಪ್ಪು ಎಂದು ಅಪ್ಪನೇ ತಿದ್ದಿದರು. ಮಳೆಯ ಸದ್ದು ಹೆಂಚಿನದಲ್ಲ, ತಗಡಿನದು, ಆದ್ದರಿಂದ ಅದು ಆ ದೇವಸ್ಥಾನವಲ್ಲ, ಶಾಲೆ ಎಂದರು.

ಹಳೆತಟ್ಟೆ · ನಲವತ್ತೇಳನೇ ದಿನ

ತಗಡಿನ ಮಳೆಯ ವಿಷಯವನ್ನೂ ಟಿಪ್ಪಣಿಯಲ್ಲಿ ಹಾಗೆಯೇ ಬರೆದಿಡಿ, ಸಿಡಿಯ ಮೇಲಿನ ತಪ್ಪು ಬರಹವನ್ನೂ ಅಳಿಸದೆ ಪಕ್ಕದಲ್ಲಿ ಇಡಿ. ಓದದೆ ಉಳಿದ ನಲವತ್ತೈದನ್ನು ಎಸೆಯಬೇಡಿ. ಒಣ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಕತ್ತಲಲ್ಲಿ ಇಡಿ, ನನ್ನಲ್ಲಿ ನಾಲ್ಕು ಬಗೆಯ ಹಳೆಯ ಡ್ರೈವ್‌ಗಳಿವೆ, ಮಳೆ ನಿಂತ ಮೇಲೆ ಕಳಿಸಿಕೊಡಿ. ಧ್ವನಿಯ ಮೂಲ ಪ್ರತಿ ಒಂದೇ ಡಿಸ್ಕಿನಲ್ಲಿ ಉಳಿಯದಿರಲಿ. ಇನ್ನೊಂದನ್ನು ಬೆಂಗಳೂರಿಗೆ, ಭಾವನ ಮನೆಗೆ ಕಳಿಸಿ. ಕಲಾವಿದರನ್ನೋ ಅವರ ಮನೆಯವರನ್ನೋ ಕೇಳದೆ ಅಂತರ್ಜಾಲಕ್ಕೆ ಏರಿಸಬೇಡಿ.

ಸುರುಳಿ · ನಲವತ್ತೆಂಟನೇ ದಿನ

ಅಣ್ಣ, ನಮ್ಮೂರಿನ ದೇವಸ್ಥಾನದಲ್ಲಿ ಹರಿಕಥೆಯ ಮುನ್ನೂರು ಸಿಡಿಗಳಿವೆ. ನಿಮ್ಮ ಪ್ಲೈವುಡ್ ನಕ್ಷೆ, ಪ್ರೋಗ್ರಾಮು ಕೊಡುತ್ತೀರಾ?

ಕಡಲತಡಿ · ನಲವತ್ತೆಂಟನೇ ದಿನ

ನಕ್ಷೆ ಏಕೆ, ಯಂತ್ರವನ್ನೇ ಕೊಡುತ್ತೇನೆ. ನಮ್ಮಲ್ಲಿ ಅದರ ಕೆಲಸ ಮುಗಿದಿದೆ. ಬಂದು ತೆಗೆದುಕೊಂಡು ಹೋಗು. ಬಸ್ಸಿನಲ್ಲಿ ಒಯ್ಯುವಾಗ ತೋಳನ್ನು ಕಂಬಕ್ಕೆ ಹಗ್ಗದಿಂದ ಬಿಗಿದು ಕಟ್ಟು, ಬೆಲ್ಟನ್ನು ಬಿಚ್ಚಿ ಇಡು. ಊರು ಮುಟ್ಟಿದ ಮೇಲೆ ಬೆಲ್ಟು ಬಿಗಿದು, ಮೊದಲು ಹತ್ತು ಬೇಡದ ಸಿಡಿಗಳಲ್ಲಿ ಕಟ್ಟೆಯ ಎತ್ತರವನ್ನು ಹೊಸದಾಗಿ ಅಳೆದುಕೊ. ಹಲಗೆ ಸ್ವಲ್ಪ ಬಾಗಿದರೂ ಆ ಅಂಕಿ ಬದಲಾಗುತ್ತದೆ.